ಕಂಬಗಳ ಮೇಲೊಂದು ರಾಜಧಾನಿ

1958ರಲ್ಲಿ ಕೆನಡಾ ಸರ್ಕಾರದ ಯೋಜನಾಕಾರರು ಒಂದು ಊರಿನ ನಕ್ಷೆ ಬರೆದರು. ಬ್ಯಾಫಿನ್ ದ್ವೀಪದ ಫ್ರೋಬಿಷರ್ ಬೇ ಎಂಬಲ್ಲಿ ಅದನ್ನು ಕಟ್ಟಬೇಕೆಂಬ ಆಸೆ. ನಡುಮಧ್ಯೆ ದೊಡ್ಡದೊಂದು ಗುಮ್ಮಟ, ಅದರ ಸುತ್ತ ಒಂದಕ್ಕೊಂದು ಅಂಟಿಕೊಂಡ ಗೋಪುರಮನೆಗಳು, ಕರೆಂಟಿಗೂ ಶಾಖಕ್ಕೂ ಅಣುಸ್ಥಾವರ. ಅಲ್ಲಿನ ನಿವಾಸಿ ಚಳಿಗಾಲವಿಡೀ ಕೋಟು ತೊಡದೆ ಕಚೇರಿಗೂ ಅಂಗಡಿಗೂ ಓಡಾಡಬಹುದಿತ್ತು. 1971ರಲ್ಲಿ ಜರ್ಮನಿಯ ವಾಸ್ತುಶಿಲ್ಪಿ ಫ್ರೈ ಒಟ್ಟೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡು ಕಿಲೋಮೀಟರ್ ಅಗಲದ ಒಂದೇ ಪಾರದರ್ಶಕ ಹೊದಿಕೆ, ಅದರಡಿ 40 ಸಾವಿರ ಜನರ ಧ್ರುವನಗರ ಎಂದು ಚಿತ್ರ ಬಿಡಿಸಿದರು. ಆ ಕಾಲದ ವೈಜ್ಞಾನಿಕ ಕಾದಂಬರಿಗಳಲ್ಲೂ ಸಿನಿಮಾಗಳಲ್ಲೂ ಧ್ರುವದ ರಾಜಧಾನಿ ಎಂದರೆ ಹೆಚ್ಚುಕಮ್ಮಿ ಇದೇ ರೂಪ: ಹೊರಗೆ ಹಿಮದ ಬಿರುಗಾಳಿ, ಒಳಗೆ ಬೆಚ್ಚನೆಯ ಹೂದೋಟ.

ಎರಡೂ ಕಾಗದದಲ್ಲೇ ಉಳಿದವು. ಫ್ರೋಬಿಷರ್ ಬೇ 1987ರಲ್ಲಿ ಇನ್ಯುಯಿಟ್ ಜನರ ಬಾಯಲ್ಲಿದ್ದ ಇಕಾಲುವಿಟ್ ಎಂಬ ಹೆಸರಿಗೆ ಮರಳಿತು. 1999ರಲ್ಲಿ ನುನಾವುಟ್ ಪ್ರದೇಶದ ರಾಜಧಾನಿಯೂ ಆಯಿತು. ಗುಮ್ಮಟವಂತೂ ಏಳಲಿಲ್ಲ. ದುಡ್ಡಿನ ಲೆಕ್ಕ ತಾಳೆಯಾಗಲಿಲ್ಲ ಎಂಬುದು ಸರಳ ಕಾರಣ. ಆದರೆ ಆ ನಕ್ಷೆಗಳನ್ನು ಇವತ್ತು ನೋಡಿದರೆ ಇನ್ನೊಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಅವನ್ನು ಬರೆದವರ ಗಮನವೆಲ್ಲ ತಲೆಯ ಮೇಲಿನ ಚಳಿಯ ಮೇಲಿತ್ತು. ಧ್ರುವದ ಊರಿಗೆ ಆಪತ್ತು ಬರುವುದು ಹೆಚ್ಚಾಗಿ ಕಾಲ ಕೆಳಗಿನಿಂದ. ಇದನ್ನು ಅರಿಯಲು ಗುಮ್ಮಟದ ಕನಸು ಬಿಟ್ಟು, ಧ್ರುವದ ಹತ್ತಿರ ನೂರು ವರ್ಷಕ್ಕೂ ಮಿಕ್ಕಿ ಬಾಳಿದ ಊರೊಂದನ್ನು ನೋಡಬೇಕು. ಅದು ಲಾಂಗ್‌ಇಯರ್‌ಬೀನ್.

ನಾರ್ವೆಯ ಮುಖ್ಯಭೂಮಿಯಿಂದ ಬಲು ದೂರ ಉತ್ತರಕ್ಕೆ ಚದುರಿದ ಸ್ವಾಲ್ಬಾರ್ಡ್ ದ್ವೀಪಗಳ ಆಡಳಿತ ಕೇಂದ್ರ ಇದು. ಕಾನೂನಿನ ಪುಸ್ತಕದಲ್ಲಿ ರಾಜಧಾನಿ ಎಂಬ ಪಟ್ಟವಿಲ್ಲ. ಆದರೆ ಗವರ್ನರ್ ಇರುವುದು, ಕೋವಿ ಪರವಾನಗಿ ಸಿಗುವುದು, ವಿಮಾನ ಇಳಿಯುವುದು, ವಿಶ್ವವಿದ್ಯಾಲಯ ಕೇಂದ್ರ ಇರುವುದು ಎಲ್ಲ ಇಲ್ಲೇ. 78 ಡಿಗ್ರಿ 13 ನಿಮಿಷ ಉತ್ತರ ಅಕ್ಷಾಂಶ; ಧ್ರುವಬಿಂದುವಿಗೆ ಸುಮಾರು 1,300 ಕಿಲೋಮೀಟರ್. ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು, ನಮ್ಮ ಒಂದು ಸಾಧಾರಣ ಹಳ್ಳಿಯಷ್ಟೇ. ಆದರೆ ಅದರಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳವರಿದ್ದಾರೆ.

ಇಷ್ಟು ಉತ್ತರದಲ್ಲಿ ಊರು ನಿಂತದ್ದು ಹೇಗೆ? ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದ ಕೊನೆಯ ಕವಲೊಂದು ಈ ದ್ವೀಪಗಳ ಪಶ್ಚಿಮ ಕರಾವಳಿಯನ್ನು ಸವರಿ ಹೋಗುತ್ತದೆ. ಇದೇ ಅಕ್ಷಾಂಶದ ಗ್ರೀನ್‌ಲ್ಯಾಂಡಿನ ಮೇಲೆ ದಪ್ಪ ಹಿಮದ ಹಾಸು ಕೂತಿದ್ದರೆ, ಇಲ್ಲಿಗೆ ಬೇಸಿಗೆಯಲ್ಲಿ ಹಡಗುಗಳು ಸಲೀಸಾಗಿ ಬರುತ್ತವೆ. ಇನ್ನು ವರ್ಷಕ್ಕೆ ಇಲ್ಲಿ ಬೀಳುವ ಮಳೆ-ಹಿಮವೆಲ್ಲ ಸೇರಿದರೂ ಸುಮಾರು 200 ಮಿಲಿಮೀಟರ್. ನಮ್ಮ ಬರಪೀಡಿತ ಚಳ್ಳಕೆರೆಯಲ್ಲೇ ಇದರ ಎರಡು ಪಟ್ಟಿಗಿಂತ ಹೆಚ್ಚು ಬೀಳುತ್ತದೆ. ಅಂದರೆ ಇದು ಹಿಮದ ನಾಡು ಎನ್ನುವುದಕ್ಕಿಂತ ಚಳಿಯ ಮರುಭೂಮಿ.

1596ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಈ ದ್ವೀಪಗಳನ್ನು ಕಂಡು ದಾಖಲಿಸಿದ. ಮುಂದಿನ ಶತಮಾನದಲ್ಲಿ ತಿಮಿಂಗಿಲ ಬೇಟೆಗಾರರು ಬಂದರು, ಬೇಟೆ ಮುಗಿಸಿ ಹೋದರು. ನಿಲ್ಲುವಂತೆ ಮಾಡಿದ್ದು ಕಲ್ಲಿದ್ದಲು. ಸುಮಾರು ಆರು ಕೋಟಿ ವರ್ಷಗಳ ಹಿಂದೆ ಇಲ್ಲಿ ತೇವ ತುಂಬಿದ ಕಾಡು-ಜೌಗುಗಳಿದ್ದವು. ಆ ಕಾಡೇ ಬೆಟ್ಟದ ಹೊಟ್ಟೆಯಲ್ಲಿ ಕಲ್ಲಿದ್ದಲ ಪದರವಾಗಿ ಕೂತಿದೆ. 1901ರಲ್ಲಿ ಪ್ರವಾಸಿಯಾಗಿ ಬಂದ ಅಮೆರಿಕದ ಮಿಶಿಗನ್ ರಾಜ್ಯದ ಉದ್ಯಮಿ ಜಾನ್ ಮನ್ರೊ ಲಾಂಗ್‌ಇಯರ್ ಅದರ ಮೇಲೆ ಕಣ್ಣಿಟ್ಟ. 1906ರಲ್ಲಿ ಪಾಲುದಾರ ಫ್ರೆಡರಿಕ್ ಏಯರ್ ಜೊತೆ ಆರ್ಕ್ಟಿಕ್ ಕೋಲ್ ಕಂಪನಿ ತೆರೆದು ಗಣಿ ಶುರು ಮಾಡಿದ. ಊರಿಗೆ ಅವನದೇ ಹೆಸರು. 1916ರಲ್ಲಿ ನಾರ್ವೆಯ ಸ್ಟೋರೆ ನೋರ್ಸ್ಕೆ ಕಂಪನಿ ಎಲ್ಲವನ್ನೂ ಕೊಂಡಿತು. ಅಲ್ಲಿಂದ ಮುಂದೆ ಹಲವು ದಶಕ ಮನೆ, ಅಂಗಡಿ, ಕರೆಂಟು ಎಲ್ಲವೂ ಕಂಪನಿಯದೇ. ಸಂಬಳ ಕೊಡಲು, ಸಾಮಾನು ಕೊಳ್ಳಲು ಕಂಪನಿಯೇ ತನ್ನ ನೋಟುಗಳನ್ನು ಮುದ್ರಿಸುತ್ತಿತ್ತು. ಜನ ಮತ ಹಾಕಿ ಆರಿಸುವ ಸ್ಥಳೀಯ ಸರ್ಕಾರ ಬಂದದ್ದು 2002ರಲ್ಲಿ!

ಇಲ್ಲಿಯ ನಕ್ಷೆಯನ್ನು ಯಾವ ಯೋಜನಾಕಾರನೂ ಮೊದಲೇ ಕೂತು ಬರೆಯಲಿಲ್ಲ. ಫಿಯೋರ್ಡ್ ಎಂಬ ಕಡಲ ಸೀಳಿಗೆ ಬೆನ್ನು ಮಾಡಿ, ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎದುರಿಗೆ ಲಾಂಗ್‌ಇಯರ್ ಕಣಿವೆ. ಬಲಕ್ಕೆ ಮೇಜಿನಂತೆ ಚಪ್ಪಟೆ ತಲೆಯ ಪ್ಲಾಟೊಬೆರ್ಗೆಟ್, ಎಡಕ್ಕೆ ಸುಕ್ಕರ್‌ಟೊಪ್ಪೆನ್ ಮತ್ತು ಗ್ರೂವೆಫಿಯೆಲ್ಲೆಟ್ ಬೆಟ್ಟಗಳು. ಕಣಿವೆಯ ತುದಿಯಲ್ಲಿ ಎರಡು ಹಿಮನದಿಗಳು. ಅವುಗಳ ಕರಗುನೀರು ನಡುವೆ ಹರಿದು ಕಡಲು ಸೇರುತ್ತದೆ. ಕಲ್ಲಿದ್ದಲ ಪದರ ಇರುವುದು ಬೆಟ್ಟದ ಬದಿಯಲ್ಲಿ, ಎತ್ತರದಲ್ಲಿ. ಹಾಗಾಗಿ ಗಣಿಯ ಬಾಯಿಗಳೆಲ್ಲ ಇಳಿಜಾರಿನ ಮೇಲೆ ತೆರೆದುಕೊಂಡವು, ಕಾರ್ಮಿಕರ ಬಿಡಾರಗಳು ಆ ಬಾಯಿಗಳ ಕೆಳಗೆ ಕೂತವು. ಒಂದನೇ ಗಣಿ ಪಶ್ಚಿಮದ ಬೆಟ್ಟದಲ್ಲಿ, ಹಳೇ ಊರು ಅದರಡಿ. ಎರಡನೇ ಗಣಿ ಪೂರ್ವದಲ್ಲಿ, ಎರಡನೇ ಮಹಾಯುದ್ಧದ ಬಳಿಕದ ನೀಬೀನ್ ಬಿಡಾರಗಳು ಅದರಡಿ, ಕಣಿವೆಯ ತೀರಾ ಒಳಗೆ. ಗಣಿ ಬರಿದಾದಾಗ ಊರಿನ ಆ ತುಂಡೂ ಮಂಕಾಗುತ್ತಿತ್ತು, ಇನ್ನೊಂದು ಗಣಿಯ ಕೆಳಗೆ ಇನ್ನೊಂದು ತುಂಡು ಹುಟ್ಟುತ್ತಿತ್ತು. ಬಿಡಿಬಿಡಿಯಾದ ಈ ತುಂಡುಗಳ ನಡುವಿನ ಅಂತರ ಇಂದಿಗೂ ಮುಚ್ಚಿಲ್ಲ. ರಸ್ತೆಗಳಿಗೆ ಮಹಾಪುರುಷರ ಹೆಸರುಗಳಿಲ್ಲ, ಬರೀ ನಂಬರು. ಪುತ್ಥಳಿ-ನಾಮಫಲಕಗಳ ಜಗಳ ನೋಡಿ ಬೇಸತ್ತ ನಮಗೆ ಇದು ಒಳ್ಳೇ ಮಾದರಿ ಅನ್ನಿಸಿದರೆ ತಪ್ಪಿಲ್ಲ.

ಗಣಿಯಿಂದ ಬಂದರಿಗೆ ಕಲ್ಲಿದ್ದಲು ಬರುತ್ತಿದ್ದದ್ದು ಆಕಾಶಮಾರ್ಗದಲ್ಲಿ. ಮರದ ತೊಲೆಗಳ ಎತ್ತರದ ಕಟ್ಟಣೆಗಳ ನಡುವೆ ಉಕ್ಕಿನ ಹಗ್ಗ, ಹಗ್ಗಕ್ಕೆ ತೂಗುಬಿದ್ದ ತೊಟ್ಟಿಗಳು. ಹಗ್ಗ ಹೋಯಿತು, ತೊಲೆಗಳು ಬೆಟ್ಟದ ಸೆರಗಿನಲ್ಲಿ ಇಂದಿಗೂ ನಿಂತಿವೆ. 1946ಕ್ಕಿಂತ ಹಿಂದಿನ ಮನುಷ್ಯನ ಯಾವ ಕುರುಹನ್ನೂ ಇಲ್ಲಿ ಮುಟ್ಟುವಂತಿಲ್ಲ ಎಂಬ ಕಾನೂನಿದೆ. ತುಕ್ಕು ಹಿಡಿದ ಮೊಳೆಗೂ ಅದು ಅನ್ವಯ. ಈ ಊರಿನಲ್ಲಂತೂ ಎರಡನೇ ಮಹಾಯುದ್ಧ ಉಳಿಸಿದ್ದೇ ಕಡಿಮೆ. 1941ರಲ್ಲಿ ಮಿತ್ರಪಡೆ ಜನರನ್ನೆಲ್ಲ ತೆರವು ಮಾಡಿಸಿತು. 1943ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಟಿರ್ಪಿಟ್ಸ್, ಶಾರ್ನ್‌ಹೋರ್ಸ್ಟ್ ಯುದ್ಧನೌಕೆಗಳು ಬಂದು ಗುಂಡು ಸುರಿದವು. ಊರಿನ ಬಹುಭಾಗ ಸುಟ್ಟಿತು. ಎರಡನೇ ಗಣಿಯ ಒಳಗೆ ಹೊತ್ತಿಕೊಂಡ ಕಲ್ಲಿದ್ದಲು ಯುದ್ಧ ಮುಗಿದ ಮೇಲೂ ವರ್ಷಗಟ್ಟಲೆ ಹೊಗೆಯಾಡುತ್ತಲೇ ಇತ್ತು.

ಬಿಸಿಲೂ ಇಲ್ಲಿ ನಕ್ಷೆಯ ಭಾಗ. ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ದಿಗಂತದ ಮೇಲೆ ಬರುವುದು ಫೆಬ್ರುವರಿ ಮಧ್ಯದಲ್ಲಿ. ಆದರೆ ದಕ್ಷಿಣಕ್ಕೆ ಬೆಟ್ಟಗಳು ಅಡ್ಡ ನಿಂತಿರುವುದರಿಂದ ಊರಿನ ಮೇಲೆ ಬಿಸಿಲು ಬೀಳುವುದು ಇನ್ನೂ ಮೂರು ವಾರ ತಡ. ಮಾರ್ಚ್ 8ರ ಮಧ್ಯಾಹ್ನ ಹಳೇ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಜನ ಸೇರಿ ಕಾಯುತ್ತಾರೆ. ಆಸ್ಪತ್ರೆ ಈಗಿಲ್ಲ, ಮೆಟ್ಟಿಲಿದೆ. ಬಿಸಿಲು ಆ ಮೆಟ್ಟಿಲನ್ನು ಮುಟ್ಟಿದರೆ ಸೂರ್ಯ ಬಂದ ಹಾಗೆ. ಮೋಡ ಕವಿದಿದ್ದರೂ ಹಬ್ಬವೇನೂ ನಿಲ್ಲುವುದಿಲ್ಲ. ಕತ್ತಲ ತಿಂಗಳುಗಳ ನೆನಪಿನಿಂದಲೋ ಏನೋ, 1980ರ ದಶಕದಿಂದ ಮನೆಗಳಿಗೆ ಬಣ್ಣ ಬಳಿಯಲೂ ಒಂದು ಯೋಜನೆ ಬಂತು. ಗ್ರೆಟೆ ಸ್ಮೆಡಾಲ್ ಎಂಬ ವರ್ಣತಜ್ಞೆ ಸುತ್ತಲಿನ ಕಲ್ಲು, ಪಾಚಿ, ಹುಲ್ಲುಗಳ ಬಣ್ಣ ನೋಡಿ ಸಾಲುಸಾಲು ಮನೆಗಳಿಗೆ ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಮಾಸಲು ಹಸಿರುಗಳನ್ನು ಹಂಚಿದರು. ಪ್ರವಾಸಿಗರ ಫೋಟೋಗಳಲ್ಲಿ ಎದ್ದು ಕಾಣುವುದು ಈ ಬಣ್ಣಗಳೇ. ನಾವು ನೋಡಬೇಕಾದ್ದು ಮನೆಯ ಅಡಿಯನ್ನು.

ಅಲ್ಲಿ ನೆಲವೇ ಕಾಣಿಸುತ್ತದೆ. ಮನೆ ನೆಲಕ್ಕೆ ತಾಗುವುದಿಲ್ಲ, ಕಂಬಗಳ ಮೇಲೆ ನಿಂತಿರುತ್ತದೆ. ನಡುವೆ ಗಾಳಿ ಓಡಾಡಲು ಜಾಗ. ಕಾರಣ, ಇಲ್ಲಿನ ನೆಲ ವರ್ಷಾನುಗಟ್ಟಲೆ ಹೆಪ್ಪುಗಟ್ಟಿಯೇ ಇರುವ ಮಣ್ಣು. ವಿಜ್ಞಾನಿಗಳು ಅದನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಕಣಿವೆಯ ತಳದಲ್ಲಿ ಅದರ ಆಳ ಸುಮಾರು ನೂರು ಮೀಟರ್, ಬೆಟ್ಟಗಳೊಳಗೆ ಅದರ ಹಲವು ಪಟ್ಟು. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಾತ್ರ ಕರಗಿ, ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಇದು ಚಲಪದರ. ಇಂಥ ನೆಲದ ಮೇಲೆ ನಮ್ಮೂರಿನ ರೀತಿ ತಳಪಾಯ ಹಾಕಿ, ಒಳಗೆ 20 ಡಿಗ್ರಿ ಶಾಖ ಇಟ್ಟು ಬದುಕಲು ಹೊರಟರೆ ಅದು ಬೆಣ್ಣೆಯ ಮುದ್ದೆಯ ಮೇಲೆ ಕಾದ ಕಾವಲಿ ಇಟ್ಟ ಹಾಗೆ. ಶಾಖ ಕೆಳಗಿಳಿದು ಮಣ್ಣೊಳಗಿನ ಮಂಜುಗಡ್ಡೆಯನ್ನು ಕರಗಿಸುತ್ತದೆ, ಕಲ್ಲಿನಂತಿದ್ದ ನೆಲ ಕೆಸರಾಗುತ್ತದೆ, ಮನೆ ನಡುವಿನಿಂದಲೇ ಕುಸಿಯುತ್ತದೆ. ಗುಮ್ಮಟದ ನಗರಕ್ಕೂ ಇದೇ ಲೆಕ್ಕ, ದೊಡ್ಡ ಪ್ರಮಾಣದಲ್ಲಿ. ಎರಡು ಕಿಲೋಮೀಟರ್ ಅಗಲದ ನೆಲವನ್ನು ವರ್ಷವಿಡೀ ಬೆಚ್ಚಗಿಟ್ಟರೆ ಅದರಡಿಯ ಹೆಪ್ಪು ಎಷ್ಟು ಕಾಲ ತಾಳೀತು?

ಕಂಬ ನಿಲ್ಲಿಸುವುದೂ ಸುಮ್ಮನೆ ಮಾತಲ್ಲ. ಹೆಪ್ಪುಗಟ್ಟಿದ ನೆಲದಲ್ಲಿ ರಂಧ್ರ ಕೊರೆದು, ಕಂಬ ಇಳಿಸಿ, ಸುತ್ತ ನೀರು ಬೆರೆಸಿದ ಮರಳು ತುಂಬುತ್ತಾರೆ. ಕೆಲವೇ ದಿನಗಳಲ್ಲಿ ಅದು ಹೆಪ್ಪುಗಟ್ಟಿ ಕಂಬವನ್ನು ಕಚ್ಚಿ ಹಿಡಿಯುತ್ತದೆ. ಇಲ್ಲಿ ಸಿಮೆಂಟಿನ ಕೆಲಸ ಮಾಡುವುದು ಮಂಜುಗಡ್ಡೆ. ಆದರೆ ಅದೇ ಮಂಜುಗಡ್ಡೆ ಮೇಲಿನ ಚಲಪದರದಲ್ಲಿ ಶತ್ರು. ಚಳಿ ಮೇಲಿನಿಂದ ಇಳಿಯುವಾಗ ಹೆಪ್ಪಿನ ಅಂಚು ಕೆಳಗಿನ ತೇವವನ್ನು ತನ್ನತ್ತ ಹೀರಿಕೊಳ್ಳುತ್ತದೆ. ಮಣ್ಣಿನ ನಡುವೆ ಶುದ್ಧ ಮಂಜಿನ ತೆಳು ಹಾಳೆಗಳು ಬೆಳೆಯುತ್ತವೆ, ನೆಲ ಉಬ್ಬುತ್ತದೆ, ಉಬ್ಬುವಾಗ ಕಂಬವನ್ನೂ ಹಿಡಿದು ಮೇಲಕ್ಕೆಳೆಯುತ್ತದೆ. ಮೇಲಕ್ಕೆಳೆಯುವ ಈ ಬಲಕ್ಕಿಂತ ಕೆಳಗಿನ ಹಿಡಿತ ಹೆಚ್ಚಿದ್ದರೆ ಮನೆ ಉಳಿಯಿತು. ಅದಕ್ಕೇ ಕಂಬ ಚಲಪದರವನ್ನು ದಾಟಿ ಸಾಕಷ್ಟು ಆಳಕ್ಕೆ ಹೋಗಬೇಕು. ಫಿಯೋರ್ಡಿನ ಹತ್ತಿರದ ತಗ್ಗಿನಲ್ಲಂತೂ ಇನ್ನೊಂದು ತೊಡಕಿದೆ. ಆ ಮಣ್ಣು ಒಂದು ಕಾಲದಲ್ಲಿ ಕಡಲ ತಳವಾಗಿತ್ತು. ಹಿಮಯುಗದ ಭಾರ ಇಳಿದ ಮೇಲೆ ಭೂಮಿ ಮೇಲೆದ್ದು ಹೊರಗೆ ಬಂದದ್ದು. ಅದರಲ್ಲಿ ಉಪ್ಪಿದೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಹೆಪ್ಪುಗಟ್ಟಿದರೂ ಗಟ್ಟಿಯಾಗಿ ಕಚ್ಚುವುದಿಲ್ಲ. ಕಂಬ ನಿಧಾನಕ್ಕೆ ಜಾರುತ್ತಲೇ ಇರುತ್ತದೆ.

ಕೊಳಾಯಿಗಳನ್ನು ಹೂಳುವಂತಿಲ್ಲ. ನೀರು, ಚರಂಡಿ, ಮನೆ ಬೆಚ್ಚಗಿಡುವ ಬಿಸಿನೀರು ಎಲ್ಲವೂ ಹೊದಿಕೆ ಹೊದ್ದು ನೆಲದ ಮೇಲೆ ಊರೆಲ್ಲ ಸುತ್ತುತ್ತವೆ. ವಿಮಾನ ನಿಲ್ದಾಣ 1975ರಲ್ಲಿ ತೆರೆಯಿತು. ಅದರ ರನ್‌ವೇ ಹೆಪ್ಪುನೆಲದ ಮೇಲೆಯೇ ಇರುವುದರಿಂದ ಅಲ್ಲಲ್ಲಿ ಉಬ್ಬಿ ತಗ್ಗಿ, ಮತ್ತೆ ಮತ್ತೆ ರಿಪೇರಿ ಕೇಳುತ್ತದೆ.

ಸತ್ತವರನ್ನೂ ಈ ನೆಲ ಸುಮ್ಮನಿರಗೊಡುವುದಿಲ್ಲ. ಲಾಂಗ್‌ಇಯರ್‌ಬೀನ್‌ನಲ್ಲಿ ಸಾಯುವುದೇ ಕಾನೂನುಬಾಹಿರ ಎಂಬ ಮಾತು ವಾಟ್ಸಾಪಿನಲ್ಲಿ ವರ್ಷಕ್ಕೊಮ್ಮೆಯಾದರೂ ಸುತ್ತುತ್ತದೆ. ಅಂಥ ಕಾನೂನೇನೂ ಇಲ್ಲ. ನಿಜ ಇಷ್ಟೇ: ನೆಲ ಉಬ್ಬಿ ಹೂತ ಪೆಟ್ಟಿಗೆಗಳನ್ನು ಮೇಲಕ್ಕೆ ತಳ್ಳುವುದರಿಂದ ಹೆಣ ಹೂಳುವುದನ್ನು ದಶಕಗಳ ಹಿಂದೆಯೇ ನಿಲ್ಲಿಸಿದರು. ಚಿತಾಭಸ್ಮದ ಕರಂಡಕಕ್ಕೆ ಅನುಮತಿ ಪಡೆಯಬಹುದು. ತೀವ್ರ ಕಾಯಿಲೆಯವರು, ಹೆರಿಗೆಗೆ ಕಾದವರು ಮುಖ್ಯಭೂಮಿಗೆ ಹೋಗುತ್ತಾರೆ. ಹಳೆಯ ಸ್ಮಶಾನದಲ್ಲಿ 1918ರ ಸ್ಪ್ಯಾನಿಷ್ ಫ್ಲೂಗೆ ಬಲಿಯಾದ ಏಳು ಯುವ ಗಣಿಕಾರ್ಮಿಕರ ಸಮಾಧಿಗಳಿವೆ. ಹೆಪ್ಪಿನಲ್ಲಿ ವೈರಸ್ ಕೆಡದೆ ಉಳಿದಿರಬಹುದೆಂದು 1998ರಲ್ಲಿ ಕೆನಡಾದ ಕರ್ಸ್ಟಿ ಡಂಕನ್ ನೇತೃತ್ವದ ತಂಡ ಅವನ್ನು ಅಗೆಯಿತು. ಪೆಟ್ಟಿಗೆಗಳು ಸಿಕ್ಕಿದ್ದು ಆಳದ ಹೆಪ್ಪಿನಲ್ಲಲ್ಲ, ಪ್ರತಿ ಬೇಸಿಗೆ ಕರಗುವ ಚಲಪದರದಲ್ಲಿ. ಎಂಬತ್ತು ಬೇಸಿಗೆಗಳಲ್ಲಿ ಕರಗಿ ಹೆಪ್ಪುಗಟ್ಟಿದ ದೇಹಗಳಿಂದ ಅವರು ಬಯಸಿದ ವೈರಸ್ ಸಿಗಲಿಲ್ಲ.

ಈಗ ಆ ಚಲಪದರ ದಪ್ಪವಾಗುತ್ತಿದೆ. ವಿಮಾನ ನಿಲ್ದಾಣದ ಅಳತೆಯಲ್ಲಿ 1961–90ರ ಅವಧಿಯ ವಾರ್ಷಿಕ ಸರಾಸರಿ ತಾಪಮಾನ ಮೈನಸ್ 6.7 ಡಿಗ್ರಿ. 1991–2020ರ ಅವಧಿಗೆ ಅದು ಮೈನಸ್ 3.9. ಭೂಮಿಯ ಸರಾಸರಿಗಿಂತ ಹಲವು ಪಟ್ಟು ವೇಗದ ಏರಿಕೆ ಇದು. 2020ರ ಜುಲೈನಲ್ಲಿ ಪಾದರಸ 21.7 ಡಿಗ್ರಿ ಮುಟ್ಟಿತು. ಕಡಲ ಮೇಲಿನ ಬಿಳಿ ಹಿಮ ಕಡಿಮೆಯಾದಂತೆ ಕಪ್ಪು ನೀರು ಹೆಚ್ಚು ಬಿಸಿಲು ಹೀರುತ್ತದೆ, ಮತ್ತಷ್ಟು ಹಿಮ ಕರಗುತ್ತದೆ; ಚಳಿಗಾಲದಲ್ಲಿ ಆ ತೆರೆದ ಕಡಲೇ ಗಾಳಿಯನ್ನು ಬೆಚ್ಚಗಿಡುತ್ತದೆ. ಹಳೇ ಮನೆಗಳ ಮರದ ಕಂಬಗಳು ಹೆಪ್ಪಿನಲ್ಲಿದ್ದಷ್ಟು ದಿನ ಕೊಳೆಯಲಿಲ್ಲ. ಈಗ ಕಂಬದ ಮೇಲ್ಭಾಗ ಬೇಸಿಗೆಯ ತೇವದಲ್ಲಿ ನಿಲ್ಲುತ್ತದೆ, ಕೊಳೆಯುತ್ತದೆ. ಹೊಸ ಕಟ್ಟಡಗಳಿಗೆ ಉಕ್ಕಿನ ಕಂಬಗಳನ್ನು ಇನ್ನೂ ಆಳಕ್ಕೆ ಇಳಿಸುತ್ತಿದ್ದಾರೆ.

ನೆಲ ಸಡಿಲವಾಗುವುದು ನಿಧಾನದ ಮಾತು. ಹಿಮಕುಸಿತ ಕ್ಷಣದ ಮಾತು. 2015ರ ಡಿಸೆಂಬರ್ 19ರ ಬೆಳಿಗ್ಗೆ, ಕ್ರಿಸ್‌ಮಸ್‌ಗೆ ಇನ್ನೂ ಆರು ದಿನ ಇರುವಾಗ, ರಾತ್ರಿಯ ಬಿರುಗಾಳಿ ಸುಕ್ಕರ್‌ಟೊಪ್ಪೆನ್ ನೆತ್ತಿಯ ಹಿಂದಿನಿಂದ ಹೊತ್ತು ತಂದು ಪೇರಿಸಿದ್ದ ಹಿಮ ಒಮ್ಮೆಲೇ ಜಾರಿತು. ಬೆಟ್ಟದಡಿಯ ಹನ್ನೊಂದು ಮರದ ಮನೆಗಳು ತಳಪಾಯ ಬಿಟ್ಟು ಕದಲಿದವು. ಇಬ್ಬರು ಸತ್ತರು. ನೆರೆಹೊರೆಯವರು ಸಲಿಕೆ ಹಿಡಿದು ಕತ್ತಲಲ್ಲಿ ಅಗೆದು ಉಳಿದವರನ್ನು ಹೊರತೆಗೆದರು. 2017ರ ಫೆಬ್ರುವರಿಯಲ್ಲಿ ಅದೇ ಬೆಟ್ಟದಿಂದ ಮತ್ತೊಮ್ಮೆ ಹಿಮ ಇಳಿಯಿತು. ಆಗ ಪ್ರಾಣಹಾನಿ ಆಗಲಿಲ್ಲ. ಇದೇನೂ ಹೊಸ ಎಚ್ಚರಿಕೆಯಲ್ಲ. 1953ರ ಜೂನ್‌ನಲ್ಲೇ ಪಕ್ಕದ ಕಿರುಕಣಿವೆಯಿಂದ ನುಗ್ಗಿದ ನೀರುಹಿಮದ ಪ್ರವಾಹ ಮೂವರನ್ನು ಬಲಿ ಪಡೆದಿತ್ತು. ಬೆಟ್ಟದ ಗುಣ ಗೊತ್ತಿದ್ದೂ ಅದರ ಬುಡದಲ್ಲೇ ಮನೆ ಕಟ್ಟುತ್ತಾ ಹೋದರು. ಗಣಿಯ ಬಾಯಿಗೆ ಹತ್ತಿರವಿರುವುದೇ ಜಾಗದ ಯೋಗ್ಯತೆ ಎಂಬ ಹಳೇ ಅಭ್ಯಾಸ, ಗಣಿಗಳು ಮುಚ್ಚಿದ ಮೇಲೂ ಹೋಗಲಿಲ್ಲ. ಇದನ್ನು ಪ್ರಕೃತಿ ವಿಕೋಪ ಎಂದು ಕರೆದು ಕೈತೊಳೆದುಕೊಳ್ಳುವುದು ಸರಿಯಲ್ಲ. ತಪ್ಪು ನಕ್ಷೆಯದು. ಈಗ ಆ ಇಳಿಜಾರಿನ ಮೇಲೆ ಹಿಮ ತಡೆಯುವ ಉಕ್ಕಿನ ಬೇಲಿಗಳು, ಬುಡದಲ್ಲಿ ತಡೆಗೋಡೆ ಎದ್ದಿವೆ. ನೂರಕ್ಕೂ ಹೆಚ್ಚು ಮನೆಗಳನ್ನು ಕೆಡವಲು ತೀರ್ಮಾನವಾಯಿತು.

ಈ ನೆಲದ ಗಟ್ಟಿತನವನ್ನೇ ನಂಬಿ ಕಟ್ಟಿದ್ದು ಜಾಗತಿಕ ಬೀಜಭಂಡಾರ. 2008ರ ಫೆಬ್ರುವರಿ 26ರಂದು ಪ್ಲಾಟೊಬೆರ್ಗೆಟ್ ಬೆಟ್ಟದೊಳಗೆ, ಕಡಲಮಟ್ಟದಿಂದ ಸುಮಾರು 130 ಮೀಟರ್ ಎತ್ತರದಲ್ಲಿ ಅದು ತೆರೆಯಿತು. ಬಂಡೆಯ ಸಹಜ ತಂಪು ಮೈನಸ್ ಮೂರೋ ನಾಲ್ಕೋ ಡಿಗ್ರಿ. ಯಂತ್ರಗಳು ಅದನ್ನು ಮೈನಸ್ 18ಕ್ಕೆ ಇಳಿಸುತ್ತವೆ. ಇಂದು ಅಲ್ಲಿ 13 ಲಕ್ಷಕ್ಕೂ ಹೆಚ್ಚು ಬೀಜದ ಮಾದರಿಗಳಿವೆ. ಹೈದರಾಬಾದ್ ಬಳಿಯ ಪಟಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಕಳಿಸಿದ ಜೋಳ, ಸಜ್ಜೆ, ಕಡಲೆಗಳೂ ಇವೆ. ಕಲಬುರಗಿಯ ಒಣಭೂಮಿಯ ಬೆಳೆಗಳ ನೆಂಟರು ಅವು. 2016ರ ಅಕ್ಟೋಬರ್‌ನಲ್ಲಿ ಹಿಮ ಬೀಳಬೇಕಾದ ಹೊತ್ತಿಗೆ ಭಾರೀ ಮಳೆ ಸುರಿದು ಸುರಂಗದ ಬಾಯಲ್ಲಿ ನೀರು ನುಗ್ಗಿತು. ಬೀಜಗಳಿದ್ದ ಕೋಣೆಗಳು ನೂರು ಮೀಟರಿಗೂ ಹೆಚ್ಚು ಒಳಗಿದ್ದವು, ಅವಕ್ಕೇನೂ ಆಗಲಿಲ್ಲ. ನೀರು ದಾರಿಯಲ್ಲೇ ಹೆಪ್ಪುಗಟ್ಟಿತು. ಸುರಂಗ ಕೊರೆಯುವಾಗ ಕರಗಿದ್ದ ಬಾಯಿಯ ಸುತ್ತಲಿನ ನೆಲ, ಲೆಕ್ಕ ಹಾಕಿದ್ದಂತೆ ಮತ್ತೆ ಹೆಪ್ಪುಗಟ್ಟಿರಲಿಲ್ಲ. ಆಮೇಲೆ ಹಳೇ ಸುರಂಗದ ಬಾಯಿ ಕಿತ್ತು ನೀರು ನುಸುಳದ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿ, ಸುತ್ತಲಿನ ಮಣ್ಣಿಗೆ ತಂಪು ಕೊಡುವ ಕೊಳವೆಗಳನ್ನು ಹಾಕಿದರು. ಧ್ರುವಪ್ರದೇಶದ ನೆಲಕ್ಕೆ ಫ್ರಿಜ್ಜು ಹಚ್ಚಬೇಕಾಗಿ ಬಂದದ್ದು ನಮ್ಮ ಕಾಲದಲ್ಲಿ.

ಊರು ಹುಟ್ಟಲು ಕಾರಣವಾದ ಕಲ್ಲಿದ್ದಲೂ ಮುಗಿಯಿತು. ಕಲ್ಲಿದ್ದಲ ವಿದ್ಯುತ್ ಸ್ಥಾವರ 2023ರ ಅಕ್ಟೋಬರ್‌ನಲ್ಲಿ ನಿಂತಿತು; ಸದ್ಯಕ್ಕೆ ಹಡಗಿನಲ್ಲಿ ಬರುವ ಡೀಸೆಲ್ಲೇ ಗತಿ. ಕೊನೆಯದಾಗಿ ಉಳಿದಿದ್ದ ಏಳನೇ ಗಣಿ 2025ರ ಜೂನ್‌ನಲ್ಲಿ ಮುಚ್ಚಿತು. ಈಗ ಊರನ್ನು ಸಾಕುತ್ತಿರುವುದು ಪ್ರವಾಸೋದ್ಯಮ, ಸಂಶೋಧನೆ ಮತ್ತು ಉಪಗ್ರಹ ಕೇಂದ್ರ. ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹಗಳು ಪ್ರತಿ ಸುತ್ತಿನಲ್ಲೂ ಈ ದ್ವೀಪಗಳ ಮೇಲಿನ ಆಕಾಶಕ್ಕೆ ಬರಲೇಬೇಕು. ಆ ಅನುಕೂಲಕ್ಕೆ ಪ್ಲಾಟೊಬೆರ್ಗೆಟ್ ನೆತ್ತಿಯಲ್ಲಿ ಬಿಳಿ ಗೋಳಗಳ ಆಂಟೆನಾಗಳು ಕೂತಿವೆ. ಗುಮ್ಮಟಗಳು ಕೊನೆಗೂ ಧ್ರುವಕ್ಕೆ ಬಂದವು, ಮನುಷ್ಯರಿಗಲ್ಲ ಎಂಬುದಷ್ಟೇ ವ್ಯತ್ಯಾಸ.

ಇಲ್ಲಿ ನಮಗೂ ಒಂದು ಹಕ್ಕಿದೆ. 1920ರ ಫೆಬ್ರುವರಿ 9ರಂದು ಪ್ಯಾರಿಸ್‌ನಲ್ಲಿ ಆದ ಒಪ್ಪಂದ ಈ ದ್ವೀಪಗಳ ಒಡೆತನವನ್ನು ನಾರ್ವೆಗೆ ಕೊಟ್ಟಿತು. ಸಹಿ ಹಾಕಿದ ದೇಶಗಳ ಪ್ರಜೆಗಳಿಗೆಲ್ಲ ಅಲ್ಲಿ ಹೋಗಿ ಬದುಕುವ, ದುಡಿಯುವ ಸಮಾನ ಅವಕಾಶವನ್ನೂ ಕೊಟ್ಟಿತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತವೂ ಆಗ ಅದರೊಳಗೆ ಸೇರಿತ್ತು. ಆ ಬಲದ ಮೇಲೆಯೇ 2008ರಲ್ಲಿ ನೀ-ಓಲೆಸುಂಡ್ ಎಂಬ ಸಂಶೋಧಕರ ಹಳ್ಳಿಯಲ್ಲಿ ನಮ್ಮ ಹಿಮಾದ್ರಿ ಕೇಂದ್ರ ಆರಂಭವಾದದ್ದು. ಲಾಂಗ್‌ಇಯರ್‌ಬೀನ್‌ನಲ್ಲಿ ನೆಲೆಸಲು ಭಾರತೀಯರಿಗೆ ವೀಸಾ ಬೇಕಿಲ್ಲ. ಆದರೆ ವಿಮಾನ ನಾರ್ವೆಯ ಮುಖ್ಯಭೂಮಿಯ ಮೂಲಕವೇ ಹೋಗುವುದರಿಂದ ಎರಡು ಬಾರಿ ಪ್ರವೇಶಿಸಬಹುದಾದ ಷೆಂಗೆನ್ ವೀಸಾ ಬೇಕು. ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳಲಾಗದವರನ್ನು ಗವರ್ನರ್ ವಾಪಸ್ ಕಳಿಸಬಹುದು. ಬೆಟ್ಟದಡಿಯ ಮನೆಗಳು ಹೋದ ಮೇಲೆ ಬಾಡಿಗೆಗೆ ಸೂರು ಸಿಗುವುದು ಕಷ್ಟ. ಕೆಲಸವೂ ಮನೆಯೂ ಗೊತ್ತಾದ ಮೇಲಷ್ಟೇ ಟಿಕೆಟ್ ಮಾಡಿಸಿ.